ಆ ಲಿವರ್ ಬ್ರೇಕ್ ಅಲ್ಲ ಕಣ್ರೀ

ಪ್ರತಿ ಹೊಸ ಬ್ಯಾಚಿನಲ್ಲೂ ಒಬ್ಬರಾದರೂ ಇದನ್ನು ಮಾಡಿಯೇ ಮಾಡುತ್ತಾರೆ. ಟ್ರೆಡಲ್, ಅಂದರೆ ಕಾಲಲ್ಲಿ ತುಳಿದು ಓಡಿಸುವ ಅಚ್ಚಿನ ಮೆಷಿನ್, ಓಡುತ್ತಿರುತ್ತದೆ, ಹಾಳೆ ಒಂಚೂರು ಸೊಟ್ಟ ಕೂರುತ್ತದೆ, ಎಡಗೈ ಪಟ್ಟನೆ ಲಿವರ್ ಎಳೆಯುತ್ತದೆ, ಬಲಗೈ ಒಳಗೆ ಹೋಗುತ್ತದೆ. ನಾನು ಕಿರುಚುತ್ತೇನೆ. ಅವರು ಬೆಚ್ಚಿಬಿದ್ದು, "ಸರ್, ಲಿವರ್ ಎಳೆದಿದ್ದೆನಲ್ಲ" ಅನ್ನುತ್ತಾರೆ, ನಾನೇ ಏನೋ ತಪ್ಪು ಮಾಡಿದ ಹಾಗೆ.

ಮೂವತ್ತು ವರ್ಷ ಬೆಂಗಳೂರಿನ ಬಳೇಪೇಟೆ ಕಡೆ ಪ್ರೆಸ್‌ಗಳಲ್ಲಿ ದುಡಿದು, ಈಗ ಶನಿವಾರ ಶನಿವಾರ ಹಳೇ ಮೆಷಿನ್ ಕಲಿಯಲು ಬರುವ ಸ್ವಯಂಸೇವಕರಿಗೆ ಹೇಳಿಕೊಡುತ್ತೇನೆ. ಒಳ್ಳೆಯ ಮಕ್ಕಳು. ಅರ್ಧದಷ್ಟು ಜನ ಸಾಫ್ಟ್‌ವೇರ್‌ನವರು, ವಾರವೆಲ್ಲ ಪರದೆ ನೋಡಿ ಸಾಕಾಗಿ ಕೈಗೆ ಮಸಿ ಮೆತ್ತಿಕೊಳ್ಳಲು ಬಂದವರು. ಮೊಳೆ, ಅಂದರೆ ಲೋಹದ ಅಚ್ಚಕ್ಷರ, ಜೋಡಿಸುವುದು, ಅವನ್ನು ಬಿಗಿಯುವ ಚೌಕಟ್ಟು, ಅಂದರೆ ಚೇಸ್, ಕಟ್ಟುವುದು, ಮಸಿ ಹಾಕುವುದು ಎಲ್ಲ ಬೇಗ ಕಲಿಯುತ್ತಾರೆ. ಈ ಲಿವರ್ ಒಂದು ಮಾತ್ರ ತಲೆಗೆ ಹೋಗುವುದಿಲ್ಲ. ತಪ್ಪು ಅವರದೂ ಅಲ್ಲ ಬಿಡಿ. ಬೈಕ್ ಓಡಿಸುವವರಿಗೆ ಕೈಗೆ ಸಿಗುವ ಲಿವರ್ ಅಂದರೆ ಹಿಡಿದರೆ ನಿಲ್ಲಬೇಕು, ಅಷ್ಟೇ.

ಇದು ನಿಲ್ಲಿಸುವುದಿಲ್ಲ. ನಿಧಾನವನ್ನೂ ಮಾಡುವುದಿಲ್ಲ. ಇದರ ಹೆಸರು ಥ್ರೋ-ಆಫ್. ಮೊಳೆ ಇರುವ ಬೆಡ್, ಹಾಳೆ ಇಡುವ ಪ್ಲೇಟನ್ ಎರಡೂ ಪುಸ್ತಕ ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತವೆ ಅಲ್ವಾ, ಲಿವರ್ ಎಳೆದರೆ ಪುಸ್ತಕ ಪೂರ್ತಿ ಮುಚ್ಚುವ ಬದಲು ಒಂದು ಎಳೆ ಬಾಕಿ ಇರುವ ಹಾಗೆ ಮುಚ್ಚುತ್ತದೆ. ನಮ್ಮ ಮೆಷಿನ್‌ನಲ್ಲಿ ಆ ಎಳೆ ಸುಮಾರು ಕಾಲಿಂಚು, ನಿಮ್ಮದರಲ್ಲಿ ಬೇರೆ ಇರಬಹುದು, ಮೆಷಿನ್ ನಿಲ್ಲಿಸಿ ಅಳೆದು ನೋಡಿ. ಹಾಳೆ ತಪ್ಪಿದಾಗ ಮಸಿ ಹತ್ತಿದ ಮೊಳೆ ಪ್ಲೇಟನ್ ಮೇಲೆ ಹಾಳೆಯ ಅಡಿಗೆ ಹಾಸಿದ ಕಾಗದ, ಅಂದರೆ ಪ್ಯಾಕಿಂಗ್, ಮೇಲೆ ಅಚ್ಚಾಗಬಾರದು, ಅಚ್ಚಾದರೆ ಮುಂದಿನ ಹಾಳೆಗಳ ಬೆನ್ನೆಲ್ಲ ಕೊಳೆ. ಅದಕ್ಕಾಗಿ ಈ ಲಿವರ್ ಇಟ್ಟಿದ್ದಾರೆ. ಅಂದರೆ ಅದು ಉಳಿಸುವುದು ಪ್ಯಾಕಿಂಗ್ ಕಾಗದವನ್ನು, ನಿಮ್ಮ ಕೈಯನ್ನಲ್ಲ.

ಇನ್ನು ಕಾಲು. "ಪೆಡಲ್‌ನಿಂದ ಕಾಲು ತೆಗೆದಿದ್ದೆ ಸರ್" ಅನ್ನುವುದು ಎರಡನೇ ಸಬೂಬು. ಪಕ್ಕದಲ್ಲಿ ದೊಡ್ಡ ಫ್ಲೈವೀಲ್ ಸುಮ್ನೆ ಇದೆಯೇ? ನೀವು ತುಳಿದ ಬಲವನ್ನೆಲ್ಲ ಅದು ಇಟ್ಟುಕೊಂಡಿರುತ್ತದೆ. ನೀವು ಕಾಲು ತೆಗೆದ ಮೇಲೂ ಮೆಷಿನ್ ಹಲವು ಸಲ ಬಾಯಿ ತೆರೆದು ಮುಚ್ಚುತ್ತದೆ. ಇಳಿಜಾರಿನಲ್ಲಿ ಕ್ಲಚ್ ಹಿಡಿದರೆ ಬೈಕ್ ನಿಲ್ಲುತ್ತದೆಯೇ? ಹಾಗೆ. ಈ ಬಗೆಯ ಟ್ರೆಡಲನ್ನು 19ನೇ ಶತಮಾನದ ಮಧ್ಯದಲ್ಲಿ ಅಮೆರಿಕದ ಜಾರ್ಜ್ ಗಾರ್ಡನ್ ರೂಪಿಸಿದ. ಆಗಲೇ ತೀರಿಹೋಗಿದ್ದ ಹಳೇ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಕನಸಿನಲ್ಲಿ ಬಂದು ಇದನ್ನು ತೋರಿಸಿದ ಎಂದು ಹೇಳಿಕೊಳ್ಳುತ್ತಿದ್ದನಂತೆ. ಬಂದವನು ಬ್ರೇಕ್ ವಿಷಯವನ್ನೂ ಎತ್ತಿದ್ದರೆ ಚೆನ್ನಾಗಿತ್ತು.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬೆಂಡೆಕಾಯಿ ತರುತ್ತೇನೆ. ಮೊಳೆ ಎತ್ತರದ, ಅಂದರೆ 0.918 ಇಂಚಿನ ಹಳೇ ಮರದ ಬ್ಲಾಕ್ ಒಂದನ್ನು ಚೇಸ್‌ಗೆ ಕಟ್ಟಿ ಮೆಷಿನ್‌ಗೆ ಹಾಕುತ್ತೇನೆ. ಎಲ್ಲರ ಎದುರಿಗೆ ಲಿವರ್ ಎಳೆಯುತ್ತೇನೆ. ಬೆರಳಷ್ಟು ದಪ್ಪದ ಬೆಂಡೆಕಾಯನ್ನು ಹಾಳೆ ಆನಿಸುವ ಪಿನ್ನಿಗೆ ಒರಗಿಸಿ, ಫ್ಲೈವೀಲನ್ನು ಕೈಯಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತೇನೆ. ಸದ್ದೇನೂ ಇಲ್ಲ. ಬಾಯಿ ತೆರೆದಾಗ ಬೆಂಡೆಕಾಯಿ ಕಾಲಿಂಚಿಗೆ ಜಜ್ಜಿ ಒಡೆದಿರುತ್ತದೆ, ಬೀಜಗಳು ಬ್ಲಾಕಿಗೆ ಮೆತ್ತಿರುತ್ತವೆ, ಲೋಳೆ ಪ್ಯಾಕಿಂಗ್ ಮೇಲೆ ಇಳಿಯುತ್ತಿರುತ್ತದೆ. ತಿರುಗಿಸಿದ ನನ್ನ ಕೈಗೆ ಒಂಚೂರೂ ಭಾರ ಗೊತ್ತಾಗಿರುವುದಿಲ್ಲ. ಆಗ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಹೋದ ತಿಂಗಳು ಒಬ್ಬ ಹುಡುಗಿ ಮಾತ್ರ, "ಇನ್ಮೇಲೆ ಪಲ್ಯ ತಿನ್ನಕ್ಕಾಗಲ್ಲ ಅಂಕಲ್" ಅಂದಳು.

ನನಗೆ ಕಲಿಸಿದ ಮೆಷಿನ್‌ಮ್ಯಾನ್‌ಗೆ ಬಲಗೈ ತೋರುಬೆರಳು ಒಂದು ಗೆಣ್ಣು ಕಡಿಮೆ ಇತ್ತು. ಮದುವೆ ಸೀಸನ್, ರಾತ್ರಿ ಹನ್ನೊಂದು ಗಂಟೆ, ಲಗ್ನಪತ್ರಿಕೆ ಬೆಳಿಗ್ಗೆಗೆ ಬೇಕು. ಮುಹೂರ್ತದ ಸಾಲಿನಲ್ಲಿ ಎರಡು ಪದಗಳ ನಡುವೆ ಕಪ್ಪು ಚುಕ್ಕೆ ಬೀಳುತ್ತಿತ್ತು, ಪದಗಳ ನಡುವೆ ಜಾಗ ಬಿಡಲು ಇಡುವ ತುಂಡು, ಅಂದರೆ ಸ್ಪೇಸ್, ಒಂದು ಮೇಲೆ ಎದ್ದಿತ್ತು. ನಿಲ್ಲಿಸಿ ಚೇಸ್ ಬಿಚ್ಚಿ ಕಟ್ಟಲು ಹತ್ತು ನಿಮಿಷ. ಅವರು ಓಡುತ್ತಿರುವಾಗಲೇ ಬೆರಳಲ್ಲಿ ಒತ್ತಲು ಹೋದರು. ಹೊಸಬರಲ್ಲ, ಆಗಲೇ ಹದಿನೈದು ವರ್ಷ ಅನುಭವ. ನನ್ನ ಕೈ ಒಳಗೆ ಹೋದಾಗಲೆಲ್ಲ ಆ ಮೊಂಡು ಬೆರಳಿನಿಂದಲೇ ತಲೆಗೆ ಕುಟ್ಟಿ, "ಹಾಳೆ ಹೋದ್ರೆ ನಾಲ್ಕಾಣೆ ಕಣೋ, ಬಿಡು" ಅನ್ನುತ್ತಿದ್ದರು.

ಆ "ಬಿಡು" ಒಂದನ್ನೇ ನಾನೀಗ ಮೊದಲ ದಿನ ಕಲಿಸುವುದು. ಮಸಿ ಇಲ್ಲ, ಮೊಳೆ ಕಟ್ಟಿದ ಫಾರಂ ಇಲ್ಲ, ಬರೀ ಹಳೇ ಕಾಗದ. ಪಕ್ಕದಲ್ಲಿ ನಿಂತು ಬೇಕಂತಲೇ ಮೂಲೆ ಮಡಿಸಿದ ಹಾಳೆ ಕೊಡುತ್ತೇನೆ. ಸೊಟ್ಟ ಕೂತರೆ ಕೂರಲಿ, ಬಿದ್ದರೆ ಬೀಳಲಿ. ಬಲಗೈ ಇಡಬೇಕು, ಎಡಗೈ ತೆಗೆಯಬೇಕು, ಆ ಒಂದು ಸುತ್ತಿನಲ್ಲಿ ಕೈಯ ಕೆಲಸ ಅಷ್ಟೇ, ತಿದ್ದುವ ಆಸೆ ಬಂದರೆ ಕೈ ಹಿಂದೆ ಬರಬೇಕು. ಜಾಣರಿಗೆ ಇದು ಜಾಸ್ತಿ ಕಷ್ಟ. ತಪ್ಪು ಕಂಡರೆ ತಿದ್ದದೆ ಇರಲಾಗದವರು ಅವರು. ಸತತ ಐವತ್ತು ಹಾಳೆ ಕೈ ಅಟ್ಟಿಸಿಕೊಂಡು ಹೋಗದೆ ಮುಗಿಸಿದವರಿಗೆ ಮಾತ್ರ ಮಸಿ. ಕೆಲವರಿಗೆ ಒಂದೇ ದಿನ ಸಾಕು. ಒಬ್ಬ ಡಾಕ್ಟರಿಗೆ ಮೂರು ಶನಿವಾರ ಹಿಡಿಯಿತು, ಪಾಪ, ಬೇಜಾರು ಮಾಡಿಕೊಳ್ಳಲಿಲ್ಲ.

ಮೋಟಾರ್ ಹಾಕಿದ ಮೆಷಿನ್ ಹತ್ತಿರ ಮೊದಲ ಕೆಲವು ತಿಂಗಳು ನಾನು ಯಾರನ್ನೂ ಬಿಡುವುದಿಲ್ಲ. ಕಾಲಿಗೆ ಸುಸ್ತಾಗುತ್ತದೆ, ಮೋಟಾರಿಗೆ ಆಗುವುದಿಲ್ಲ. ಬೇರೆ ಕಡೆ ಬೇರೆ ಪದ್ಧತಿ ಇರಬಹುದು, ನಿಮ್ಮ ಮೆಷಿನ್ ಬಲ್ಲವರನ್ನೇ ಕೇಳಿ, ನನ್ನ ಬರಹ ಓದಿ ಓಡಿಸಲು ಹೋಗಬೇಡಿ.

ಕೂದಲು ಕಟ್ಟಿ, ಉಂಗುರ, ಬಳೆ ತೆಗೆಯಿರಿ ಎಂದು ಹೇಳಬೇಕಿಲ್ಲ, ಎಲ್ಲರಿಗೂ ಗೊತ್ತು. ಮರೆಯುವುದು ಎರಡು: ಮಣಿಕಟ್ಟಿನ ದೇವರ ದಾರ, ಕೊರಳಿನ ಆಫೀಸ್ ಐಡಿ ಕಾರ್ಡ್. ಹಾಳೆ ಇಡಲು ಬಗ್ಗಿದಾಗ ಆ ಕಾರ್ಡ್ ನೇರ ಪ್ಲೇಟನ್ ಮುಂದೆ ತೂಗುತ್ತದೆ. ಶನಿವಾರ ಕೂಡ ಯಾಕೆ ಹಾಕಿಕೊಂಡು ಬರುತ್ತಾರೋ ನಾನಂತೂ ಕಾಣೆ. ಬಾಗಿಲ ಹತ್ತಿರ ಒಂದು ಮೊಳೆ ಹೊಡೆದಿದ್ದೇನೆ, ಗೋಡೆಗೆ ಹೊಡೆಯುವ ಮೊಳೆ, ಅಲ್ಲಿ ನೇತುಹಾಕಿ ಒಳಗೆ ಬರಬೇಕು.

ಅಚ್ಚುಮೊಳೆಯಲ್ಲಿರುವುದು ಬಹುಪಾಲು ಸೀಸ, ಜೊತೆಗೆ ಆಂಟಿಮನಿ, ತವರ. ಮುಟ್ಟಿದ ಮಾತ್ರಕ್ಕೆ ಏನೂ ಆಗುವುದಿಲ್ಲ, ಆದರೆ ಸೋಪು ಹಾಕಿ ಕೈ ತೊಳೆಯದೆ ಬಿಸ್ಕತ್ತಿಗೆ ಕೈ ಹಾಕಬೇಡಿ, ಮೊಳೆ ಇಡುವ ಕೇಸಿನ ಧೂಳನ್ನು ಬಾಯಲ್ಲಿ ಊದಬೇಡಿ. ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಬರಲಿ. ಮಸಿ, ಎಣ್ಣೆ ಒರೆಸಿದ ಬಟ್ಟೆ ಮುಚ್ಚಳದ ತಗಡಿನ ಡಬ್ಬಿಗೇ ಹೋಗಬೇಕು. ಮೂಲೆಯಲ್ಲಿ ಗುಡ್ಡೆ ಹಾಕಿದರೆ ತಾನಾಗಿಯೇ ಬಿಸಿಯಾಗಿ ಹತ್ತಿಕೊಳ್ಳಬಹುದು.

ಮುಂದಿನ ಬ್ಯಾಚ್ ಈ ಶನಿವಾರ ಶುರು, ಎಂಟು ಜನ. ಮನೆಯವಳಿಗೆ ಕಾಲು ಕೆಜಿ ಬೆಂಡೆಕಾಯಿ ಜಾಸ್ತಿ ತರಲು ಹೇಳಿದ್ದೇನೆ. ಬಲಿತದ್ದೇ ಇರಲಿ ಅಂದಿದ್ದಕ್ಕೆ, "ಅಡುಗೆಗೋ ಪ್ರೆಸ್ಸಿಗೋ?" ಎಂದು ಕೇಳಿದಳು.