ಒಸಿರಿಸ್ ಮೂರ್ತಿಗೆ ಹುಣಸೆಹಣ್ಣು ಹಾಕ್ಬೇಡಿ

ಮ್ಯೂಸಿಯಂನಲ್ಲಿ ಲೋಹದ ವಸ್ತು ಕಾಪಾಡೋದೇ ನನ್ನ ಕೆಲಸ ಅಂದ್ರೆ ಸಾಕು, ಈಜಿಪ್ಟಿನ ಆ ಪುಟ್ಟ ದೇವರೆಲ್ಲ ಚಿನ್ನದ್ದಾ ಅಂತ ಕೇಳ್ತಾರೆ. ದೇವರ ಮೈ ಚಿನ್ನ, ಮೂಳೆ ಬೆಳ್ಳಿ, ಕೂದಲು ಲ್ಯಾಪಿಸ್ ಲಜುಲಿ ಅಂತ ಅಲ್ಲಿನವರು ನಂಬ್ತಿದ್ದಿದ್ದು ನಿಜ, ಆ ನೀಲಿ ಕಲ್ಲು ಅಫ್ಘಾನಿಸ್ತಾನದ ಬದಕ್ಷಾನ್‌ನಿಂದ ಬರ್ಬೇಕಿತ್ತು, ಹಾಗಾಗಿ ಹರಕೆ ಹೊತ್ತವರು ಸಾಮಾನ್ಯವಾಗಿ ಕೊಡ್ತಿದ್ದಿದ್ದು ಕಂಚಿಂದು. ಕ್ರಿ.ಪೂ. 664ರಿಂದ 332ರವರೆಗಂತೂ ಸತ್ತವರ ಲೋಕದ ದೇವರು ಒಸಿರಿಸ್, ಅವನ ಹೆಂಡತಿ ಐಸಿಸ್, ಬೆಕ್ಕಿನ ದೇವತೆ ಬಸ್ತೆತ್, ಇವರ ಮೂರ್ತಿಗಳನ್ನ ರಾಶಿ ರಾಶಿ ಎರಕ ಹೊಯ್ದಿದಾರೆ. ದೇವಸ್ಥಾನ ತುಂಬಿ ಹೋದಾಗ ಬಿಸಾಡೋ ಹಾಗಿಲ್ವಲ್ಲ, ಆವರಣದಲ್ಲೇ ಹೂತುಬಿಡೋರು. ಕಾರ್ನಾಕ್ ದೇವಸ್ಥಾನದಲ್ಲಿ 1903ರಿಂದ ಫ್ರೆಂಚ್ ಪುರಾತತ್ವಜ್ಞ ಲೆಗ್ರೇನ್ ಅಗೆಸಿದ ಅಂಗಳದಲ್ಲಿ ಸಿಕ್ಕ ಕಂಚೇ ಸುಮಾರು 17,000.

ಈ ಕಂಚಿನ ಮೂರ್ತಿಗಳೂ ಮೇಣದ ಎರಕವೇ: ಮೇಣದಲ್ಲಿ ಮೂರ್ತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಆ ಜಾಗಕ್ಕೆ ಲೋಹ ಹೊಯ್ಯೋದು. ಚಿಕ್ಕವು ಗಟ್ಟಿ, ದೊಡ್ಡವಕ್ಕೆ ಒಳಗೆ ಮರಳು-ಜೇಡಿಮಣ್ಣಿನ ತಿರುಳಿಟ್ಟು ಮೇಲೆ ಮೇಣ ಮೆತ್ತೋರು, ತಿರುಳು ಜರುಗದಿರಲಿ ಅಂತ ಚುಚ್ಚಿದ ಕಡ್ಡಿ ಎಷ್ಟೋ ಸಲ ಎಕ್ಸ್‌ರೇನಲ್ಲಿ ಚೆನ್ನಾಗಿ ಕಾಣುತ್ತೆ. ಕಾಲಡಿ ಒಂದು ಗೂಟ ಇರುತ್ತೆ, ಪೀಠಕ್ಕೆ ಸಿಗಿಸೋಕೆ. ತಾಮ್ರ, ತವರದ ಜೊತೆ ಸೀಸನೂ ಹಾಕಿರ್ತಾರೆ, ಕೆಲವರು ಅದನ್ನ ಕಲಬೆರಕೆ ಅಂತಾರೆ, ನಾನು ಒಪ್ಪಲ್ಲ: ಸೀಸ ಇದ್ರೆ ಕರಗಿದ ಲೋಹ ಸಲೀಸಾಗಿ ಹರಿದು ಕಿರೀಟದ ಗರಿ, ಕೈಲಿರೋ ಕೊಕ್ಕೆಕೋಲಿನ ತುದಿವರೆಗೂ ಹೋಗುತ್ತೆ.

ನಮಗೆ ತಲೆನೋವು ಆ ತಿರುಳೇ. ಎಷ್ಟೋ ಮೂರ್ತಿಗಳಲ್ಲಿ ಅದು ಇನ್ನೂ ಒಳಗೇ ಇದೆ, ಮಣ್ಣಿನ ಉಪ್ಪು, ತೇವ ಎಲ್ಲ ಹೀರ್ಕೊಂಡು ಕೂತಿರುತ್ತೆ, ಹೊರಗೆ ಎಷ್ಟೇ ಕ್ಲೀನ್ ಮಾಡಿ ಒಳಗಿಂದ ಉಪ್ಪಿನ ಕ್ಲೋರೈಡ್ ಅಂಶ ಬರ್ತಾನೇ ಇರುತ್ತೆ. ಗಟ್ಟಿಯಾಗಿ ನಯವಾಗಿ ಕೂತ ಕಡುಹಸಿರಿಗೆ ಹೆದರೋದು ಬೇಡ. ತಿಳಿಹಸಿರು ಪುಡಿ ಚುಕ್ಕೆ ಚುಕ್ಕೆಯಾಗಿ ಎದ್ದು, ಮೂರ್ತಿ ಕೆಳಗಿಟ್ಟ ಬಿಳಿ ಪೇಪರ್ ಮೇಲೆ ಉದುರಿದ್ರೆ ಮಾತ್ರ ಹುಷಾರು, ಅದು ಕಂಚಿನ ರೋಗ, ತೇವ ಸಿಕ್ಕಷ್ಟೂ ಲೋಹ ತಿನ್ನುತ್ತೆ. ಗಾಳಿ ಆಡದ ಡಬ್ಬಿ, ತೇವ ಹೀರೋ ಸಿಲಿಕಾ ಜೆಲ್, ಆರ್ದ್ರತೆ ಶೇ. 35ರ ಕೆಳಗೆ, ಮೊದಲು ಇಷ್ಟು ಮಾಡಿ.

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ ಮಾರಾಯ್ರೆ! ಹುಳಿಗೆ ಹಸಿರಿನ ಜೊತೆ ಮೂಲ ಮೇಲ್ಮೈನೇ ಹೋಗುತ್ತೆ, ಕಣ್ಣಿಗೆ ಕೂರಿಸಿದ ಚಿನ್ನ ಸಡಿಲಾಗುತ್ತೆ, ಪೀಠದ ಮೇಲೆ 'ಒಸಿರಿಸ್ ಇಂಥವನಿಗೆ ಆಯುಸ್ಸು ಕೊಡಲಿ' ಅಂತ ಕೊರೆಸಿದ ಹರಕೆಯವನ ಹೆಸರೂ ಅಳಿಸಿಹೋಗುತ್ತೆ.

ಫಯಾನ್ಸ್ ಮೂರ್ತಿಗಳ ಕಥೆ ಬೇರೆ. ಅದು ಪಿಂಗಾಣಿ ಅಲ್ಲ, ಜೇಡಿಮಣ್ಣೂ ಅಲ್ಲ, ಪುಡಿ ಮಾಡಿದ ಬೆಣಚುಕಲ್ಲಿಗೆ ಸುಣ್ಣ, ಕ್ಷಾರ, ತಾಮ್ರ ಸೇರಿಸಿದ್ದು. ಒಣಗುವಾಗ ಹಳೇ ಗೋಡೆಗೆ ಉಪ್ಪು ಬಂದ ಹಾಗೆ ಕ್ಷಾರ ಮೇಲೆ ಬಂದು, ಸುಟ್ಟಾಗ ತಾನೇ ನೀಲಿ ಹೊಳಪಾಗುತ್ತೆ. ಬಿರುಕಿದ್ರೆ ನೀರಲ್ಲಿ ನೆನೆಸಬೇಡಿ.