ಚರ್ಚಿಗೆ ಬೇಕಿರುವುದು ಜಾಸ್ತಿ ಗಾಜಲ್ಲ

ಹೊಸ ಚರ್ಚಿನ ನಕ್ಷೆ ಬೇಕೆಂದು ಬರುವವರು ಮೊದಲು ಹೇಳುವುದು, ಒಳಗೆ ಚೆನ್ನಾಗಿ ಬೆಳಕಿರಬೇಕು ಅಂತ. ಅವರ ಮನಸ್ಸಿನಲ್ಲಿರುವುದು ದೊಡ್ಡ ಗಾಜು, ಅದೂ ಬಲಿಪೀಠದ ಹಿಂದೆ. ನಾನು ಅಲ್ಲೇ ತಡೆಯುತ್ತೇನೆ. ಪೂಜೆ ನಡೆಸುವ ಗುರುಗಳ ಬೆನ್ನ ಹಿಂದೆ ಗಾಜು ಹೊಳೆಯುತ್ತಿದ್ದರೆ ನಮ್ಮ ಕಣ್ಣು ಆ ಹೊಳಪಿಗೆ ಹೊಂದಿಕೊಳ್ಳುತ್ತದೆ, ಅವರ ಮುಖ ಕಪ್ಪಾಗಿ ಬಿಡುತ್ತದೆ. ಮೊದಲೆಲ್ಲ ಅವರೂ ಜನರ ಜೊತೆ ಬಲಿಪೀಠದತ್ತಲೇ ಮುಖ ಮಾಡಿ ನಿಲ್ಲುತ್ತಿದ್ದರಿಂದ ಇದು ಅಷ್ಟು ಕಾಡುತ್ತಿರಲಿಲ್ಲ. 1962–65ರಲ್ಲಿ ಕ್ಯಾಥೋಲಿಕ್ ಬಿಷಪ್‌ಗಳು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಕ್ಯಾಥೋಲಿಕ್ ಚರ್ಚುಗಳಲ್ಲಿ ಜನರತ್ತ ತಿರುಗಿ ಬಲಿಪೂಜೆ ಅರ್ಪಿಸುವುದು ರೂಢಿಯಾಯಿತು. ಮುಖ ಕಾಣಬೇಕು, ಅಲ್ವಾ?

ಆಗ ಜಪಾನಿನ ಇಬಾರಾಕಿಯ ಫೋಟೊ ತೋರಿಸುತ್ತಾರೆ. ವಾಸ್ತುಶಿಲ್ಪಿ ತಡಾವೊ ಆಂಡೊ ಕಟ್ಟಿದ, 1989ರಲ್ಲಿ ಮುಗಿದ 'ಬೆಳಕಿನ ಚರ್ಚ್'. ಎದುರಿನ ಕಾಂಕ್ರೀಟ್ ಗೋಡೆಯನ್ನೇ ಶಿಲುಬೆಯಾಗಿ ಸೀಳಿದ್ದಾರೆ. ಹೌದು, ಅಲ್ಲಿ ಬೆಳಕು ಎದುರಿನಿಂದಲೇ ಬರುತ್ತದೆ. ಆದರೆ ಆ ಸೀಳು ಕಿರಿದು, ಉಳಿದ ಕೋಣೆಯನ್ನು ಬೇಕೆಂದೇ ಮಬ್ಬಾಗಿ ಇಟ್ಟಿದ್ದಾರೆ: ಬಣ್ಣ ಬಳಿಯದ ಬೂದು ಗೋಡೆ, ಗಾಢ ಬಣ್ಣದ ಮರದ ನೆಲ. ಸುತ್ತ ಕಿಟಕಿಯಿರುವ ಹಾಲ್‌ನಲ್ಲಿ ಅದೇ ಸೀಳು ಕೊರೆದರೆ ಗೋಡೆಗೆ ಟ್ಯೂಬ್‌ಲೈಟ್ ಹೊಡೆದ ಹಾಗೆ ಕಾಣುತ್ತದೆ, ಅಷ್ಟೇ.

ಫ್ರಾನ್ಸಿನ ರೋನ್‌ಶಾಂಪ್‌ನಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1955ರಲ್ಲಿ ಮುಗಿಸಿದ ಪ್ರಾರ್ಥನಾಲಯವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ದಕ್ಷಿಣದ ಗೋಡೆ ತುಂಬಾ ದಪ್ಪ, ಕಿಟಕಿಗಳು ಹೊರಗೊಂದು ಅಳತೆ, ಒಳಗೊಂದು ಅಳತೆ, ಹಾಗಾಗಿ ಬಿಸಿಲು ನೇರ ಕಣ್ಣಿಗೆ ಹೊಡೆಯುವ ಬದಲು ಗೋಡೆಯ ದಪ್ಪದ ಮೇಲೆ ಬಿದ್ದು, ಚದುರಿ, ಮೆತ್ತಗಾಗಿ ಒಳಗೆ ಬರುತ್ತದೆ. ಆ ಭಾರದ ಛಾವಣಿ ಗೋಡೆಗೆ ತಾಗುವುದೇ ಇಲ್ಲ. ನಡುವೆ ಸುಮಾರು 10 ಸೆಂಟಿಮೀಟರ್ ಬಿಟ್ಟಿದ್ದಾರೆ, ಅಲ್ಲಿ ಬೆಳಕಿನ ಗೆರೆಯೊಂದು ಓಡುತ್ತದೆ. ಒಂದು ಗೋಪುರದ ಒಳಮೈಗೆ ಕೆಂಪು ಬಳಿದಿದ್ದಾರೆ, ಮೇಲಿನಿಂದ ಇಳಿಯುವ ಬೆಳಕೇ ಕೆಂಪಾಗುತ್ತದೆ. ನನ್ನ ಕೆಲಸದ ಮುಖ್ಯ ಪಾಠ ಇದೇ: ಬೆಳಕು ಎಲ್ಲಿಂದ ಬಂತು ಅನ್ನುವುದಕ್ಕಿಂತ ಯಾವ ಮೈ ಮೇಲೆ ಬಿತ್ತು ಅನ್ನುವುದು ಜಾಸ್ತಿ ಮುಖ್ಯ. ಡೆನ್ಮಾರ್ಕಿನ ಬಾಗ್ಸ್‌ವೇರ್ ಚರ್ಚಿನಲ್ಲಿ (1976) ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ ಮಾಡಿದ್ದೂ ಅದನ್ನೇ, ಮೇಲಿನಿಂದ ಬರುವ ಬೆಳಕು ಅಲೆಯಂತೆ ಬಾಗಿದ ಬಿಳಿ ಛಾವಣಿಯ ಮೇಲೆ ಹರಡಿ ಇಳಿಯುತ್ತದೆ.

ಕಂಪ್ಯೂಟರ್ ಚಿತ್ರ ಸುಮ್ನೆ ನಂಬಬೇಡಿ. ರಟ್ಟಿನ ಮಾಡೆಲ್ ಮಾಡಿ, ದಿಕ್ಕು ಸರಿಯಾಗಿಟ್ಟು ಬಿಸಿಲಿನಲ್ಲಿರಿಸಿ, ಪೂಜೆಯ ಹೊತ್ತಿಗೆ ಒಳಗೆ ಮೊಬೈಲ್ ತೂರಿಸಿ ಫೋಟೊ ತೆಗೆಯಿರಿ. ಗೋಡೆಗೆ ಹಾಕುವ ಬಣ್ಣವನ್ನೇ ಮಾಡೆಲ್‌ಗೂ ಹಾಕಿ.

ಸಂಜೆಯ ಪೂಜೆಗೆ ದೀಪ ಬೇಕೇ ಬೇಕು. ಹಗಲಿನ ಬೆಳಕು ಬರುವ ಸಂದಿಯಲ್ಲೇ ಅದನ್ನು ಅಡಗಿಸಿಡಿ, ಬೀಳುವ ಗೋಡೆಯೂ ಅದೇ ಇರಲಿ. ಅಷ್ಟು ಎತ್ತರದ ದೀಪ ಕೆಟ್ಟರೆ ಬದಲಿಸುವವರು ಹತ್ತುವುದು ಹೇಗೆ ಅನ್ನುವುದನ್ನು ನಕ್ಷೆಯಲ್ಲೇ ತೋರಿಸಿ.