ಡಿಕ್ಕಿಯಲ್ಲಿ ಸಿಕ್ಕಿಬಿದ್ದ ಹಲಸಿನ ಹಣ್ಣು

ಕಳೆದ ಜೂನ್‌ನಲ್ಲಿ ತೀರ್ಥಹಳ್ಳಿ ಹತ್ತಿರದ ನೆಂಟರ ಮನೆಯಿಂದ ಹೊರಟಾಗ ಅವರು ಬರಿಗೈಲಿ ಕಳಿಸಲಿಲ್ಲ. ಹತ್ತು ಕಿಲೋಗೆ ಕಮ್ಮಿಯಿಲ್ಲದ ಒಂದು ಹಲಸಿನ ಹಣ್ಣನ್ನು ಕಾರಿನ ಡಿಕ್ಕಿಗೆ ಹಾಕಿಯೇ ಬಿಟ್ಟರು. ಬೆಂಗಳೂರು ಮುಟ್ಟುವಾಗ ರಾತ್ರಿ ಹನ್ನೊಂದು, ಜೊತೆಗೆ ಮಳೆ. ರಿಮೋಟ್‌ನಲ್ಲಿ ಡಿಕ್ಕಿಯ ಬಟನ್ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ, ಹತ್ತಿರ ಹೋಗಿ ಒತ್ತಿದೆ, ಗಟ್ಟಿಯಾಗಿ ಒತ್ತಿದೆ (ಗಟ್ಟಿಯಾಗಿ ಒತ್ತಿದರೆ ಸಿಗ್ನಲ್ ಜಾಸ್ತಿ ಹೋಗುತ್ತದೆ ಅನ್ನುವ ನಂಬಿಕೆ ನನ್ನೊಬ್ಬನದೇ ಅಲ್ಲ, ಅಲ್ವಾ?). ಬೆಳಗ್ಗೆಯಿಂದ ಬಾಗಿಲುಗಳ ಲಾಕೂ ಮೂರನೇ ಸಲಕ್ಕೇ ತೆರೆಯುತ್ತಿತ್ತು. ಡಿಕ್ಕಿಯಂತೂ ಜಪ್ಪಯ್ಯ ಅನ್ನಲಿಲ್ಲ.

ಮೂರನೇ ದಿನಕ್ಕೆ ಕಾರಿನ ಒಳಗೆಲ್ಲ ಹಲಸಿನ ವಾಸನೆ. ಸರ್ವಿಸ್ ಸೆಂಟರ್ ಒಂದಕ್ಕೆ ತೆಗೆದುಕೊಂಡು ಹೋದೆ. ಅಲ್ಲಿನ ಹುಡುಗ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿ, ಬಾಡಿ ಕಂಟ್ರೋಲ್ ಮಾಡ್ಯೂಲ್ ಹೋಗಿರಬೇಕು ಸಾರ್ ಅಂದ. ಅಂದರೆ ಲಾಕು, ಲೈಟು, ವೈಪರು ಎಲ್ಲವನ್ನೂ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್. ಅವನು ಹೇಳಿದ ರೇಟು ನಮ್ಮ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಇತ್ತು. ಯೋಚನೆ ಮಾಡಿ ಹೇಳ್ತೀನಿ ಅಂತ ಗಾಡಿ ತಿರುಗಿಸಿಕೊಂಡು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ನಾನು ಹೇಳಿದ್ದನ್ನೆಲ್ಲ ಕೇಳಿ, "ಸಾರ್, ಕಂಪ್ಯೂಟ್ರು ಅಷ್ಟು ಸುಲಭಕ್ಕೆ ಕೆಡಲ್ಲ. ಎಲ್ಲಿ ಮಡಚುತ್ತೋ ಅಲ್ಲಿ ಕೆಡುತ್ತೆ" ಅಂದರು.

ಆ ಒಂದು ಮಾತಿನ ಸುತ್ತಲೇ ಈ ಲೇಖನ. ನಾವು ಕರೆಂಟಿನ ತೊಂದರೆ ಅನ್ನುವುದರಲ್ಲಿ ಬಹಳಷ್ಟು ಕರೆಂಟಿನದ್ದೇ ಅಲ್ಲ. ಯಾವುದೋ ವೈರ್ ಮಡಚಿ ಮಡಚಿ ತುಂಡಾಗಿರುತ್ತದೆ, ಯಾವುದೋ ಬಟನ್ ಒತ್ತಿ ಒತ್ತಿ ಸವೆದಿರುತ್ತದೆ, ಯಾವುದೋ ರಬ್ಬರ್ ಬಿಸಿಲಿಗೆ ಒಣಗಿ ನೀರು ಒಳಗೆ ಬಿಟ್ಟಿರುತ್ತದೆ.

ಮೊದಲು ಕೀ ವಿಷಯಕ್ಕೆ ಬರೋಣ. ನನ್ನ ಕಾರಿನಲ್ಲಿ ಒಟ್ಟಿಗೇ ಎರಡು ತೊಂದರೆ ಇದ್ದವು, ಅದೇ ನನ್ನನ್ನು ದಾರಿ ತಪ್ಪಿಸಿದ್ದು. ಬಾಗಿಲು ಮೂರನೇ ಸಲಕ್ಕೆ ತೆರೆಯುತ್ತಿದ್ದದ್ದು ಒಂದು, ಡಿಕ್ಕಿ ತೆರೆಯದೇ ಇದ್ದದ್ದು ಇನ್ನೊಂದು. ಕೀಯೊಳಗೆ ಇದ್ದದ್ದು ಸಿಆರ್ 2032 ಸೆಲ್. ಆ ನಂಬರಿನಲ್ಲೇ ಅದರ ಅಳತೆ ಇದೆ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಅದೇ ಲೆಕ್ಕದಲ್ಲಿ 2025 ಅಂದರೆ 2.5 ಮಿ.ಮೀ. ದಪ್ಪ. ಅಂಗಡಿಯವನು "ಎರಡೂ ಒಂದೇ ಸಾರ್" ಅಂದರೆ ಒಪ್ಪಬೇಡಿ. ತೆಳುವಾದದ್ದು ಹಾಕಿದರೆ ಒಳಗಿನ ಪಟ್ಟಿಗೆ ಸರಿಯಾಗಿ ತಾಗದೆ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ.

ಮನೆಯಲ್ಲಿ ಮಲ್ಟಿಮೀಟರ್ ಇತ್ತು. ಸೆಲ್ ತೆಗೆದು ನೋಡಿದೆ, 2.9 ವೋಲ್ಟ್. ಇರಬೇಕಾದ್ದು 3. ಚೆನ್ನಾಗೇ ಇದೆಯಲ್ಲ ಅಂತ ವಾಪಸ್ ಹಾಕಿದೆ. ನಾನು ಎಡವಿದ್ದು ಅಲ್ಲೇ.

ಮೇಲಿನ ಟ್ಯಾಂಕಿನಿಂದ ಬರುವ ಪೈಪು ಒಳಗೆ ತುಕ್ಕು ಕಟ್ಟಿದೆ ಅಂದುಕೊಳ್ಳಿ. ನಲ್ಲಿ ಮುಚ್ಚಿರುವಾಗ ಪೈಪಿನಲ್ಲಿ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ತಿರುಗಿಸಿದ ಮೇಲೇ ಗೊತ್ತಾಗೋದು, ಬರುತ್ತಿರುವುದು ಬೆರಳಿನಷ್ಟು ದಪ್ಪದ ನೀರೋ ದಾರದಷ್ಟೋ ಅಂತ. ಮಲ್ಟಿಮೀಟರ್ ನೋಡುವುದು ನಲ್ಲಿ ಮುಚ್ಚಿದಾಗಿನ ಒತ್ತಡವನ್ನು. ಅದು ಸೆಲ್‌ನಿಂದ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಮ್ಮಿ. ರಿಮೋಟ್ ಸಿಗ್ನಲ್ ಕಳಿಸುವಾಗ ಹಾಗಲ್ಲ, ಆ ಕ್ಷಣಕ್ಕೆ ಹತ್ತು ಹದಿನೈದು ಮಿಲಿ ಆಂಪಿಯರ್ ಬೇಕು. ಸೆಲ್ ಹಳೆಯದಾದಂತೆ ಅದರ ಒಳಗಿನ ತಡೆ ಏರುತ್ತದೆ. ಅದು 100 ಓಮ್ ಆಗಿದೆ ಅಂತಿಟ್ಟುಕೊಳ್ಳಿ, 15 ಮಿಲಿ ಆಂಪಿಯರ್ ಎಳೆದ ತಕ್ಷಣ ಒಂದೂವರೆ ವೋಲ್ಟ್ ಒಳಗೇ ಖರ್ಚು. ಮಿಕ್ಕಿದ್ದು ಅರ್ಧ, ಅಷ್ಟರಲ್ಲಿ ಚಿಪ್ ಕಣ್ಣೇ ಬಿಡುವುದಿಲ್ಲ. ಚಳಿಯಲ್ಲಿ ಈ ತಡೆ ಇನ್ನೂ ಏರುತ್ತದೆ. ಕೆಲವು ಕೀಗಳು ಬೆಳಗ್ಗೆ ಮುಷ್ಕರ ಹೂಡಿ ಮಧ್ಯಾಹ್ನ ಸರಿಹೋಗುವುದು ಅದಕ್ಕೇ.

ಸೆಲ್ ಬದಲಾಯಿಸಿದ ಮೇಲೆ ಬಾಗಿಲುಗಳು ಬೀದಿಯ ಆ ತುದಿಯಿಂದಲೇ ತೆರೆದವು. ಹಳೇ ಸೆಲ್‌ಗಳನ್ನು ಮೇಜಿನ ಮೇಲೆ ಬಿಟ್ಟು ಏಳಬೇಡಿ. ಮಗು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳವನ್ನು ಸುಟ್ಟುಬಿಡಬಲ್ಲದು. ಹೊಸದಕ್ಕೂ ಇದೇ ಮಾತು.

ಸೆಲ್ ಹೊಸದಾದರೂ ಕೀ ಕೆಲಸ ಮಾಡದಿದ್ದರೆ? ಮನೆಯಲ್ಲಿರುವ ಎರಡನೇ ಕೀ ಹುಡುಕಿ ತನ್ನಿ. (ಎಲ್ಲಿಟ್ಟಿದ್ದೀರಿ ಅನ್ನುವುದು ಬೇರೆಯೇ ಸಂಶೋಧನೆ.) ಎರಡನೆಯದು ಕೆಲಸ ಮಾಡಿದರೆ ತೊಂದರೆ ಮೊದಲನೇ ಕೀಯಲ್ಲಿದೆ, ಹೆಚ್ಚಾಗಿ ಬಟನ್ ಕೆಳಗಿನ ಬೆಸುಗೆ ಬಿಟ್ಟಿರುತ್ತದೆ. ಎರಡೂ ಮಾಡದಿದ್ದರೆ ಕಾರನ್ನು ಬೈಯುವ ಮೊದಲು ಬೇರೆ ಜಾಗಕ್ಕೆ ಒಯ್ದು ನೋಡಿ. ನಮ್ಮಲ್ಲಿ ಬಹುತೇಕ ಕಾರ್ ರಿಮೋಟ್‌ಗಳು 433.92 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ, ಅಮೆರಿಕದಲ್ಲಿ ಹೆಚ್ಚಾಗಿ 315ರಲ್ಲಿ. ಇವು ಸಾರ್ವಜನಿಕ ದಾರಿಗಳು, ಯಾರು ಬೇಕಾದರೂ ಅಡ್ಡ ಬರಬಹುದು. 2019ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ತ್ ಓಮ್‌ಸ್ಟೆಡ್ ಎಂಬ ಊರಿನ ಒಂದು ಬಡಾವಣೆಯಲ್ಲಿ ವಾರಗಟ್ಟಲೆ ಕಾರ್ ರಿಮೋಟ್‌ಗಳು, ಗ್ಯಾರೇಜ್ ಬಾಗಿಲ ರಿಮೋಟ್‌ಗಳು ಕೈಕೊಟ್ಟವು. ಹುಡುಕಿ ಹುಡುಕಿ ಸಿಕ್ಕಿದ್ದು ಏನು ಗೊತ್ತಾ? ಅಲ್ಲೇ ಇದ್ದ ಒಬ್ಬ ಹವ್ಯಾಸಿ, ಮನೆಯಲ್ಲಿ ಮೇಲೆ ಯಾರಾದರೂ ಓಡಾಡಿದರೆ ತನಗೆ ತಿಳಿಯಲಿ ಅಂತ ತಾನೇ ಮಾಡಿಕೊಂಡಿದ್ದ ಒಂದು ಸಾಧನ. ಅದು 315 ಮೆಗಾಹರ್ಟ್ಸ್‌ನಲ್ಲಿ ಬಿಡದೆ ಕೂಗುತ್ತಿತ್ತು. ಇಡೀ ಬೀದಿ ಬೀಗ ಹಾಕಿಸಿಕೊಂಡಿದೆ ಅನ್ನುವುದು ಆ ಪುಣ್ಯಾತ್ಮನಿಗೆ ಗೊತ್ತೇ ಇರಲಿಲ್ಲ.

ಇನ್ನೊಂದು ಸಾಧ್ಯತೆ, ಲೆಕ್ಕ ತಪ್ಪುವುದು. ರಿಮೋಟ್ ಪ್ರತಿ ಸಲ ಬೇರೆ ಬೇರೆ ಸಂಕೇತ ಕಳಿಸುತ್ತದೆ, ಇಲ್ಲದಿದ್ದರೆ ಕಳ್ಳ ಒಮ್ಮೆ ರೆಕಾರ್ಡ್ ಮಾಡಿಕೊಂಡು ಆಮೇಲೆ ಕೇಳಿಸಿದರೆ ಸಾಕಿತ್ತು. ಕೀ ಮತ್ತು ಕಾರು ಎರಡೂ ಒಂದೇ ಲೆಕ್ಕ ಇಟ್ಟುಕೊಂಡು ಮುಂದೆ ಹೋಗುತ್ತಿರುತ್ತವೆ. ಮಗು ಮನೆಯಲ್ಲಿ ಕೀ ಹಿಡಿದು ನೂರು ಸಲ ಒತ್ತಿತು ಅನ್ನಿ, ಕೀ ಮುಂದೆ ಓಡಿರುತ್ತದೆ, ಕಾರು ಹಿಂದೆ ಉಳಿದಿರುತ್ತದೆ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಕೀಲಾಕ್ ಎಂಬ ಹೆಸರಾಂತ ಪದ್ಧತಿಯಲ್ಲಿ 16 ಹೆಜ್ಜೆವರೆಗೆ ಮುಂದಿದ್ದರೆ ಕಾರು ತಕರಾರಿಲ್ಲದೆ ಒಪ್ಪುತ್ತದೆ, ಅದಕ್ಕಿಂತ ಮುಂದೆ ಸುಮಾರು 32 ಸಾವಿರದವರೆಗೆ ಹೋಗಿದ್ದರೆ ಬೆನ್ನುಬೆನ್ನಿಗೆ ಎರಡು ಸಂಕೇತ ಕೇಳಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಹಾಗಾಗಿ ಮೊದಲ ಒತ್ತಿಗೆ ಸುಮ್ಮನಿದ್ದ ಕಾರು ಎರಡನೆಯದಕ್ಕೆ ತೆರೆಯುವುದು ಕಾಕತಾಳೀಯ ಆಗಬೇಕಿಲ್ಲ.

ಸೆಲ್ ಪೂರ್ತಿ ಸತ್ತರೂ ಗಾಡಿ ಸ್ಟಾರ್ಟ್ ಆಗುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೀಯೊಳಗೆ ಸೆಲ್‌ನ ಹಂಗಿಲ್ಲದ ಇನ್ನೊಂದು ಪುಟ್ಟ ಚಿಪ್ ಇರುತ್ತದೆ. ಮೆಟ್ರೋ ಕಾರ್ಡಿಗೆ ಸೆಲ್ ಇಲ್ಲದಿದ್ದರೂ ಗೇಟ್ ತೆರೆಯುತ್ತದಲ್ಲ, ಅದೇ ತತ್ವ. ಕಾರಿನ ಸುರುಳಿಯಿಂದ ಹೊರಡುವ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರದಿಂದಲೇ ಅದು ತನಗೆ ಬೇಕಾದ ಕರೆಂಟ್ ಎತ್ತಿಕೊಂಡು ಉತ್ತರ ಕೊಡುತ್ತದೆ. ಬಟನ್ ಸ್ಟಾರ್ಟ್ ಇರುವ ಅನೇಕ ಕಾರುಗಳಲ್ಲಿ ಕೀಯನ್ನು ಆ ಬಟನ್‌ಗೇ ತಾಗಿಸಿ ಒತ್ತಬೇಕು. ಬಾಗಿಲು ತೆರೆಯಲು ಕೀಯ ಹೊಟ್ಟೆಯಲ್ಲೇ ಲೋಹದ ಕೀ ಒಂದು ಬಚ್ಚಿಟ್ಟುಕೊಂಡಿರುತ್ತದೆ.

ಈಗ ಡಿಕ್ಕಿ.

ನಮ್ಮ ಎಲೆಕ್ಟ್ರಿಷಿಯನ್ ಹಿಂದಿನ ಸೀಟು ಮಡಚಿ, ಹಲಸಿನ ಪಕ್ಕದಲ್ಲೇ ತೂರಿಕೊಂಡು, ಡಿಕ್ಕಿ ಬಾಗಿಲಿನ ಒಳಮೈಯಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಸ್ಕ್ರೂಡ್ರೈವರಿನಿಂದ ಲಾಕನ್ನು ಒಂದು ಕಡೆಗೆ ತಳ್ಳಿದರು. ಬಾಗಿಲು ತೆರೆಯಿತು. (ಮನೆಯವಳು ಆಮೇಲೆ ಕೇಳಿದಳು, "ಸೀಟು ಮಡಚಿದ್ರೆ ಮೊದಲ ದಿನವೇ ಹಣ್ಣು ತೆಗೀಬಹುದಿತ್ತಲ್ವಾ ರೀ?" ನನ್ನ ಹತ್ತಿರ ಉತ್ತರ ಇರಲಿಲ್ಲ.) ಅವರು ಬಾಗಿಲನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತಾ, ನನಗೆ ಬಟನ್ ಒತ್ತುತ್ತಲೇ ಇರಿ ಅಂದರು. ಏನಿಲ್ಲ, ಏನಿಲ್ಲ, ಅರ್ಧಕ್ಕಿಂತ ತುಸು ಕೆಳಗೆ ಬಂದಾಗ ಟಕ್! ಲಾಕಿನ ಮೋಟಾರು ಜೀವ ಬಂದಂತೆ ಅಲ್ಲಾಡಿತು. ಒಂದಿಂಚು ಸರಿಸಿದರೆ ಮತ್ತೆ ಸತ್ತಿತು.

"ಕಂಪ್ಯೂಟ್ರು ಹೋಗಿದ್ರೆ ಬಾಗಿಲು ಎಲ್ಲಿದ್ರೂ ಹೋಗಿರ್ತಿತ್ತು ಸಾರ್" ಅಂದರು.

ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ಒಂದು ಕಪ್ಪು ರಬ್ಬರ್ ಕೊಳವೆ ಇರುತ್ತದೆ, ಕಿರುಬೆರಳಿಗಿಂತ ದಪ್ಪ, ಸುರುಳಿ ಸುರುಳಿ. ಲಾಕು, ಹಿಂದಿನ ವೈಪರು, ಗಾಜಿನ ಮಂಜು ಬಿಡಿಸುವ ಹೀಟರು, ನಂಬರ್ ಪ್ಲೇಟಿನ ಲೈಟು, ಮೇಲಿನ ಬ್ರೇಕ್ ಲೈಟು, ಎಲ್ಲದರ ವೈರು ಅದರೊಳಗೇ ಹೋಗಬೇಕು. ಅವರು ಕೊಳವೆಯನ್ನು ಹಿಂದಕ್ಕೆ ಸರಿಸಿದರು. ಎರಡು ವೈರು ಕಣ್ಣಿಗೆ ಕಾಣುವಂತೆ ತುಂಡಾಗಿದ್ದವು, ತುದಿಯಲ್ಲಿ ಹಸಿರು ಕಿಲುಬು. ಮೂರನೆಯದರ ಸಿಪ್ಪೆ ಹಾಗೇ ಇತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ರಬ್ಬರ್ ಬ್ಯಾಂಡಿನ ಹಾಗೆ ಉದ್ದ ಆಯಿತು. ಒಳಗೆ ತಾಮ್ರ ಇದ್ದಿದ್ದರೆ ಹಾಗೆ ಜಗ್ಗುತ್ತಿರಲಿಲ್ಲ.

ದಿನಕ್ಕೆ ನಾಲ್ಕು ಸಲ ಡಿಕ್ಕಿ ತೆಗೆಯುತ್ತೀರಿ ಅನ್ನಿ. ನನ್ನ ಕಾರಿಗೆ 11 ವರ್ಷ. ಲೆಕ್ಕ ಹಾಕಿದರೆ 16 ಸಾವಿರ ಸಲ ಆ ವೈರುಗಳು ಅದೇ ಜಾಗದಲ್ಲಿ ಬಗ್ಗಿ ನೆಟ್ಟಗಾಗಿವೆ. ಕಟ್ಟುವ ತಂತಿಯನ್ನು ಕತ್ತರಿಸಲು ಇಕ್ಕಳ ಸಿಗದಿದ್ದಾಗ ಏನು ಮಾಡುತ್ತೇವೆ? ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವೆ. ಒಂದೇ ಸಲ ಎಳೆದರೆ ಮುರಿಯದ ಲೋಹ, ಅದಕ್ಕಿಂತ ಎಷ್ಟೋ ಕಮ್ಮಿ ಬಲವನ್ನು ಮತ್ತೆ ಮತ್ತೆ ಹಾಕಿದರೆ ಮುರಿಯುತ್ತದೆ. ಲೋಹದ ದಣಿವು ಅನ್ನುವುದು ಇದನ್ನೇ. ಇದರ ಹಿಂದೆ ಸಾವುಗಳ ಕಥೆಯೂ ಇದೆ. 1842ರ ಮೇ ತಿಂಗಳಲ್ಲಿ ಪ್ಯಾರಿಸ್ ಹತ್ತಿರ ರೈಲಿನ ಅಚ್ಚು ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಸರಿಯಾಗೇ ಇದ್ದ ಅಚ್ಚುಗಳು ಯಾಕೆ ಹೀಗೆ ಮುರಿಯುತ್ತವೆ ಎಂಬುದನ್ನು ಮುಂದಿನ ದಶಕಗಳಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ತಿರುಗಿಸಿ, ಬಗ್ಗಿಸಿ ಅಳೆದರು. ಉಕ್ಕಿಗೆ ಒಂದು ಮಿತಿ ಇದೆ, ಬಲ ಅದಕ್ಕಿಂತ ಕಮ್ಮಿ ಇದ್ದರೆ ಎಷ್ಟು ಸಲ ಬಗ್ಗಿಸಿದರೂ ತಡೆದುಕೊಳ್ಳುತ್ತದೆ. ತಾಮ್ರಕ್ಕೆ ಅಂಥ ಸ್ಪಷ್ಟ ಮಿತಿ ಇಲ್ಲ, ಅದು ಪ್ರತಿ ಸಲವೂ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ.

ವೈರಿನಲ್ಲಿ ಒಂದೇ ದಪ್ಪ ತಂತಿಯ ಬದಲು ಕೂದಲಿನಂಥ ಎಳೆಗಳನ್ನು ಹಾಕುವುದೂ ಇದಕ್ಕೇ. ಬಗ್ಗಿಸಿದಾಗ ಹೊರಮೈ ಎಷ್ಟು ಜಗ್ಗುತ್ತದೆ ಅನ್ನುವುದು ದಪ್ಪದ ಮೇಲಿದೆ. ಒಂದು ಸೆಂಟಿಮೀಟರ್ ತ್ರಿಜ್ಯದ ತಿರುವಿನಲ್ಲಿ 1 ಮಿ.ಮೀ. ತಂತಿಯ ಹೊರಮೈ ನೂರಕ್ಕೆ ಐದರಷ್ಟು ಹಿಗ್ಗಿದರೆ, 0.2 ಮಿ.ಮೀ. ಎಳೆಯದ್ದು ಒಂದರಷ್ಟೇ ಹಿಗ್ಗುತ್ತದೆ.

ಮಲ್ಟಿಮೀಟರ್ ಇಲ್ಲೂ ಸುಳ್ಳು ಹೇಳಿತ್ತು. ಲಾಕಿನ ಕನೆಕ್ಟರಿಗೆ ಹಚ್ಚಿ ಬಟನ್ ಒತ್ತಿದರೆ ಸರಿಯಾಗಿ 12 ವೋಲ್ಟ್! ಕಿಲುಬು ಹಿಡಿದ ತುಂಡು ತುದಿಗಳು ಒಂದಕ್ಕೊಂದು ಸೋಕಿಕೊಂಡು ಒಂದು 10 ಓಮ್ ತಡೆ ಒಡ್ಡುತ್ತಿವೆ ಅಂದುಕೊಳ್ಳಿ. ಮೀಟರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಮೋಟಾರಿನ ತಡೆಯೇ 3 ಓಮ್ ಆಗಿದ್ದರೆ, 12ರಲ್ಲಿ ಅದರ ಪಾಲಿಗೆ ಬರುವುದು ಮೂರು ವೋಲ್ಟಿಗೂ ಕಮ್ಮಿ. ಹಳೇ ಎಲೆಕ್ಟ್ರಿಷಿಯನ್‌ಗಳು ಇಂದಿಗೂ ಎರಡು ವೈರು ಬೆಸೆದ ಬಲ್ಬನ್ನು ಜೇಬಲ್ಲಿಟ್ಟುಕೊಂಡು ತಿರುಗುವುದು ಹಳೇ ಚಾಳಿ ಅಲ್ಲ. ಬಲ್ಬು ಕರೆಂಟ್ ಕೇಳುತ್ತದೆ. ಬರದಿದ್ದರೆ ಮಂಕಾಗಿ ತೋರಿಸುತ್ತದೆ. (ಏರ್‌ಬ್ಯಾಗಿನ ಹಳದಿ ವೈರುಗಳಿಗೆ ಮಾತ್ರ ಅದನ್ನು ಅಪ್ಪಿತಪ್ಪಿಯೂ ಮುಟ್ಟಿಸಬೇಡಿ.)

ಆ ಕೊಳವೆಯಲ್ಲಿ ಅರ್ಥ್ ವೈರು, ಅಂದರೆ ಕರೆಂಟು ಕಾರಿನ ಮೈಗೆ ವಾಪಸ್ ಹೋಗುವ ವೈರು, ತುಂಡಾದರಂತೂ ತಮಾಷೆಯೋ ತಮಾಷೆ. ಬ್ರೇಕ್ ಒತ್ತಿದರೆ ನಂಬರ್ ಪ್ಲೇಟಿನ ಲೈಟು ಮಿಣಮಿಣ ಅನ್ನಬಹುದು. ಭೂತ ಅಲ್ಲ. ವಾಪಸ್ ಹೋಗುವ ದಾರಿ ಮುಚ್ಚಿದ್ದರಿಂದ ಕರೆಂಟು ಪಕ್ಕದ ಬಲ್ಬಿನ ಮೂಲಕ ಹಿಮ್ಮುಖವಾಗಿ ನುಗ್ಗಿ ಬೇರೆ ದಾರಿ ಹುಡುಕಿಕೊಂಡಿರುತ್ತದೆ ಅಷ್ಟೆ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಮೂರು ಸಾಮಾನು ಒಟ್ಟಿಗೇ ಕೆಟ್ಟರೆ ನಾನೀಗ ಮೊದಲು ನೋಡುವುದು ಅರ್ಥನ್ನೇ.

ರಿಪೇರಿಯಲ್ಲೂ ಒಂದು ಸೂಕ್ಷ್ಮ ಇದೆ. ತುಂಡಾದಲ್ಲೇ ಬೆಸುಗೆ ಹಾಕಿ ಟೇಪ್ ಸುತ್ತಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹೋಗುತ್ತದೆ. ಬೆಸುಗೆ ಎಳೆಗಳ ನಡುವೆ ಹೀರಿಕೊಂಡು ಆ ಭಾಗ ಕಡ್ಡಿಯಾಗುತ್ತದೆ, ಬಗ್ಗುವ ಕೆಲಸವೆಲ್ಲ ಅದರ ಅಂಚಿಗೆ ಬೀಳುತ್ತದೆ. ಇವರು ಹಾಗೆ ಮಾಡಲಿಲ್ಲ. ಮಡಚುವ ಭಾಗವನ್ನೇ ಪೂರ್ತಿ ಕತ್ತರಿಸಿ, ಒಂದು ಗೇಣು ಮೆತ್ತನೆಯ ಹೊಸ ವೈರು ಸೇರಿಸಿ, ಬೆಸುಗೆಗಳು ಕೊಳವೆಯ ಆಚೆ ಈಚೆ ಬರುವಂತೆ, ಅದೂ ಒಂದರ ಪಕ್ಕ ಒಂದು ಬಾರದಂತೆ ಹಿಂದೆ ಮುಂದೆ ಹಾಕಿದರು. ಅರ್ಧ ದಿನದ ಕೆಲಸ. ಹೇಳಿದ ದುಡ್ಡು ಆ ಮಾಡ್ಯೂಲಿನ ಮುಂದೆ ಚಿಲ್ಲರೆ.

ಹಲಸಿನ ಹಣ್ಣನ್ನು ನಾವಿಬ್ಬರೂ ಸೇರಿ ಡಿಕ್ಕಿಯ ಅಂಚಿನ ಮೇಲೆ ಎಳೆದು ಇಳಿಸಿದೆವು. ಅರ್ಧ ಅವರಿಗೇ ಕೊಟ್ಟೆ.

ಮೂರು ದಿನ ಕಾರು ತೆಗೆಯಲಿಲ್ಲ. ನಾಲ್ಕನೇ ದಿನ ಬ್ಯಾಟರಿ ಡೌನ್. ಮೊದಲು ಎಲೆಕ್ಟ್ರಿಷಿಯನ್ನನ್ನೇ ಮನಸ್ಸಲ್ಲೇ ಬೈದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ಡಿಕ್ಕಿಯೊಳಗಿನ 5 ವ್ಯಾಟ್ ಬಲ್ಬು ಆರದೇ ಉಳಿದರೆ ದಿನಕ್ಕೆ 10 ಆಂಪಿಯರ್ ಅವರ್ ಕುಡಿಯುತ್ತದೆ. ನನ್ನದು 35ರ ಬ್ಯಾಟರಿ. ಸರಿಹೋಯಿತು. ಆದರೆ ಮುಚ್ಚಿದ ಡಿಕ್ಕಿಯಲ್ಲಿ ಬಲ್ಬು ಉರಿಯುತ್ತಿದೆಯೋ ಇಲ್ಲವೋ ನೋಡುವುದು ಹೇಗೆ? ಬ್ಯಾಟರಿ ಚಾರ್ಜ್ ಮಾಡಿಸಿ, ಫೋನಿನಲ್ಲಿ ವಿಡಿಯೋ ಶುರು ಮಾಡಿ, ಒಳಗಿಟ್ಟು ಬಾಗಿಲು ಹಾಕಿದೆ. ತೆಗೆದು ನೋಡಿದರೆ ಬಲ್ಬು ಹಾಯಾಗಿ ಉರಿಯುತ್ತಿತ್ತು. ಬಾಗಿಲು ಹಾಕಿದ ಸದ್ದಿನ ಜೊತೆ ಒಂದೇ ಒಂದು ಟಕ್ ಕೇಳಿಸಿತ್ತು.

ಲಾಕಿನ ಕೊಕ್ಕೆ ಎರಡು ಹಂತದಲ್ಲಿ ಕೂರಬೇಕು. ಎರಡನೇ ಹಂತಕ್ಕೆ ಬಂದಾಗ ಮಾತ್ರ ಒಳಗಿನ ಮೈಕ್ರೋಸ್ವಿಚ್, ಬಾಗಿಲು ಮುಚ್ಚಿತು ಅಂತ ಸುದ್ದಿ ಕಳಿಸುತ್ತದೆ. ಟಾರ್ಚ್ ಹಾಕಿ ನೋಡಿದೆ. ಡಿಕ್ಕಿಯ ಅಂಚಿನಲ್ಲಿ ಕೊಕ್ಕೆ ಕಚ್ಚಿಕೊಳ್ಳುವ ಕಬ್ಬಿಣದ ಬಳೆಗೂ, ಕೊಕ್ಕೆಯ ಸಂದಿಗೂ ಹಳದಿ ಬಿಳಿ ಬಣ್ಣದ ಏನೋ ಮೆತ್ತಿಕೊಂಡು, ಧೂಳು ಹಿಡಿದು ಗಟ್ಟಿಯಾಗಿತ್ತು. ಹಲಸಿನ ಮೇಣ.

ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿದೆ. ಮತ್ತೆ ಫೋನ್ ಒಳಗಿಟ್ಟು ಬಾಗಿಲು ಹಾಕಿದೆ. ಈ ಸಲದ ವಿಡಿಯೋದಲ್ಲಿ ಟಕ್, ಟಕ್ ಅಂತ ಎರಡು ಸದ್ದು. ಆಮೇಲೆ ಪೂರ್ತಿ ಕತ್ತಲು.